ಕಾವಲಿಗಿದ್ದ ಜೀನ್‌ಗಳೇ ಬಾಗಿಲು ತೆಗೆದ ಕಥೆ

ಬಟಾಣಿ, ಸೋಯಾ, ಕಡಲೆ, ಶೇಂಗಾ ಎಲ್ಲ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಫ್ಯಾಬೇಸಿ ಅಂತಾರೆ, 19,000ಕ್ಕೂ ಹೆಚ್ಚು ಜಾತಿ ಇರೋ ದೊಡ್ಡ ಕುಟುಂಬ. ಇವುಗಳ ಬಗ್ಗೆ ಸ್ಕೂಲಲ್ಲಿ ನಾವೆಲ್ಲ ಓದಿರೋದು ಬೇರುಗಂಟಿನ ವಿಷ್ಯ. ಇವುಗಳಲ್ಲಿ ಹೆಚ್ಚಿನ ಗಿಡಗಳ ಬೇರಿನ ಗಂಟಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಕೂತಿರುತ್ತೆ, ಗಾಳಿಯಲ್ಲಿರೋ ಸಾರಜನಕವನ್ನ ಗಿಡ ಬಳಸೋ ರೂಪಕ್ಕೆ ತಂದುಕೊಡುತ್ತೆ, ಗಿಡ ಅದಕ್ಕೆ ಊಟ ಹಾಕುತ್ತೆ, ಇಬ್ಬರಿಗೂ ಲಾಭ. ಇದನ್ನ ಓದಿ ಎಲ್ರೂ ತಲೆ ಆಡಿಸಿ ಮುಂದೆ ಹೋಗ್ತೀವಿ, ಆದ್ರೆ ಇದ್ರಲ್ಲಿ ಒಂದು ವಿಚಿತ್ರ ಇದೆ. ಗಿಡಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಒಳಗೆ ನುಗ್ಗಿದ್ರೆ ಸುಮ್ನೆ ಬಿಡಲ್ಲ, ಅವಕ್ಕೂ ರೋಗನಿರೋಧಕ ವ್ಯವಸ್ಥೆ ಇದೆ. ಹಾಗಿದ್ಮೇಲೆ ಲಕ್ಷಾಂತರ ಬ್ಯಾಕ್ಟೀರಿಯಾನ ಜೀವಕೋಶದ ಒಳಗೇ ಕರ್ಕೊಂಡು ಇಟ್ಕೊಳ್ಳೋ ಧೈರ್ಯ ಇವಕ್ಕೆ ಎಲ್ಲಿಂದ ಬಂತು?

ಜೀನೋಮ್‌ಗಳನ್ನ, ಅಂದ್ರೆ ಗಿಡಗಳ ಇಡೀ ಡಿಎನ್ಎಯನ್ನ, ಓದಿದವರಿಗೆ ಸಿಕ್ಕಿರೋ ಉತ್ತರದ ಒಂದು ದೊಡ್ಡ ಭಾಗ ಏನಂದ್ರೆ, ರೋಗಾಣುಗಳ ವಿರುದ್ಧ ಕಾದಾಡೋಕೆ ಇದ್ದ ಜೀನ್‌ಗಳ ನಕಲುಗಳೇ ಈ ಕೆಲಸಕ್ಕೆ ಬಂದಿವೆ.

ನಕಲು ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಕೋಶ ವಿಭಜನೆ ಆಗುವಾಗ ಕೆಲವೊಮ್ಮೆ ಒಂದು ಜೀನ್ ಎರಡಾಗಿಬಿಡುತ್ತೆ, ಕೆಲವೊಮ್ಮೆ ಇಡೀ ಜೀನೋಮೇ ಡಬಲ್ ಆಗುತ್ತೆ. ಒಂದು ಡಾಕ್ಯುಮೆಂಟಿನ ಜೆರಾಕ್ಸ್ ಇದ್ರೆ ಒರಿಜಿನಲ್ ಭದ್ರವಾಗಿಟ್ಟು ಜೆರಾಕ್ಸ್ ಮೇಲೆ ಏನು ಬೇಕಾದ್ರೂ ಗೀಚಬಹುದಲ್ಲ, ಹಾಗೆ ಒಂದು ಪ್ರತಿ ಹಳೇ ಕೆಲಸ ನೋಡ್ಕೊಂಡ್ರೆ ಇನ್ನೊಂದು ಬದಲಾಗೋಕೆ ಸ್ವತಂತ್ರ. 1970ರಲ್ಲಿ ಸುಸುಮು ಓನೊ ಅನ್ನೋ ವಿಜ್ಞಾನಿ ಹೊಸ ಜೀನ್‌ಗಳು ಮುಖ್ಯವಾಗಿ ಹುಟ್ಟೋದೇ ಹೀಗೆ ಅಂತ ವಾದ ಮಾಡಿದ್ರು. ಹೀಗೆ ಒಂದೇ ಮೂಲದಿಂದ ಕವಲೊಡೆದ ಜೀನ್‌ಗಳ ಗುಂಪಿಗೆ ಜೀನ್ ಕುಟುಂಬ ಅಂತಾರೆ. ಬಹಳಷ್ಟು ನಕಲುಗಳು ಮಾತ್ರ ಯಾವ ಕೆಲಸಕ್ಕೂ ಬಾರದೆ ಕೆಟ್ಟು ಅಳಿದು ಹೋಗ್ತವೆ, ಇದನ್ನ ಮರೀಬಾರ್ದು, ನಮಗೆ ಕಾಣೋದು ಉಳಿದವು ಅಷ್ಟೇ.

ಬಟಾಣಿ, ಸೋಯಾ ಎಲ್ಲ ಬರೋ ಚಿಟ್ಟೆ ಹೂವಿನ ಗುಂಪಲ್ಲಿ ಸುಮಾರು 5.9 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಒಮ್ಮೆ ಡಬಲ್ ಆಯ್ತು. ಸೋಯಾಗೆ ಅದು ಸಾಲ್ದು ಅಂತ ಸುಮಾರು 1.3 ಕೋಟಿ ವರ್ಷಗಳ ಹಿಂದೆ ಇನ್ನೊಂದ್ಸಲ ಆಯ್ತು. 2010ರಲ್ಲಿ ಸೋಯಾ ಜೀನೋಮ್ ಪ್ರಕಟ ಆದಾಗ ಅದರಲ್ಲಿ ಗುರುತಿಸಿದ ಜೀನ್‌ಗಳು 46,430, ಮುಕ್ಕಾಲು ಪಾಲು ಜೀನ್‌ಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿ ಇವೆ.

ಉಳಿದ ನಕಲುಗಳೆಲ್ಲ ಹೊಸ ಕೆಲಸ ಹಿಡಿದವು ಅಂತೇನಿಲ್ಲ, ಎಷ್ಟೋ ಕಡೆ ಹಳೇ ಕೆಲಸನೇ ಹಂಚಿಕೊಂಡಿವೆ. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡಲ್ ನೋಡಿದ ಸುಕ್ಕು ಬಟಾಣಿ ಗೊತ್ತಲ್ಲ, ಅದರ ಹಿಂದಿನ ಜೀನ್ ಯಾವುದು ಅಂತ ಗೊತ್ತಾಗಿದ್ದು 1990ರಲ್ಲಿ. ಪಿಷ್ಟದ ಸರಪಳಿಗೆ ಕವಲು ಹಾಕೋ ಕಿಣ್ವದ ಜೀನ್ ಅದು, ಅದರೊಳಗೆ ಒಂದು ಅಲೆಮಾರಿ ಡಿಎನ್ಎ ತುಂಡು ಬಂದು ಸೇರ್ಕೊಂಡು ಕೆಲಸ ಕೆಡಿಸಿತ್ತು. ಆದ್ರೆ ಕಾಳು ಸಾಯ್ಲಿಲ್ಲ, ಪಿಷ್ಟ ಪೂರ್ತಿ ನಿಲ್ಲಲೂ ಇಲ್ಲ, ಯಾಕಂದ್ರೆ ಆ ಕಿಣ್ವಕ್ಕೆ ಇನ್ನೊಂದು ಸೋದರ ಜೀನ್ ಇದೆ, ಅದು ಕಾಳು ಬೆಳೆಯೋ ಸ್ವಲ್ಪ ತಡವಾದ ಹಂತದಲ್ಲಿ ಚುರುಕಾಗುತ್ತೆ. ಆರಂಭದಲ್ಲಿ ಪಿಷ್ಟ ಕಡಿಮೆ, ಸಕ್ಕರೆ ಜಾಸ್ತಿ, ಸಕ್ಕರೆ ಇದ್ದಲ್ಲಿ ನೀರೂ ಜಾಸ್ತಿ ಸೇರುತ್ತೆ, ಒಣಗಿದ್ಮೇಲೆ ಸುಕ್ಕು. ಮೆಂಡಲ್ ಎಣಿಸಿದ್ದು ಒಂದು ಜೀನ್ ಕುಟುಂಬದಲ್ಲಿ ಒಬ್ಬ ಸದಸ್ಯ ಗೈರಾದಾಗಿನ ಪರಿಣಾಮವನ್ನ ಅಂತ ಹೇಳಬಹುದು.

ಈಗ ಕಾವಲಿನ ವಿಷಯಕ್ಕೆ ಬರೋಣ. ಶಿಲೀಂಧ್ರಗಳ ಗೋಡೆ ಕೈಟಿನ್ ಅನ್ನೋ ವಸ್ತುವಿಂದ ಆಗಿರುತ್ತೆ, ಅದರ ಚೂರು ಸಿಕ್ಕಿದ ತಕ್ಷಣ ಗಿಡದ ಜೀವಕೋಶದ ಹೊರಗಿರೋ ಒಂದು ಗ್ರಾಹಕ ಪ್ರೋಟೀನ್ ಅಪಾಯ ಅಂತ ಕೂಗುತ್ತೆ. ಇದು ಭತ್ತದಲ್ಲೂ ಇದೆ, ಸಾಸಿವೆ ಜಾತಿಯ ಗಿಡದಲ್ಲೂ ಇದೆ. ರೈಜೋಬಿಯಂ ತಾನು ಬಂದಿದೀನಿ ಅಂತ ಗಿಡಕ್ಕೆ ತಿಳಿಸೋಕೆ ಕಳಿಸೋ ನಾಡ್ ಫ್ಯಾಕ್ಟರ್ ಅನ್ನೋ ಅಣು ಏನು ಗೊತ್ತಾ, ನಾಲ್ಕೈದು ಕೊಂಡಿಯ ಕೈಟಿನ್ ಸರಪಳಿ, ಅದಕ್ಕೊಂದು ಕೊಬ್ಬಿನ ಬಾಲ! ಶತ್ರುವಿನ ಗುರುತನ್ನೇ ಸ್ವಲ್ಪ ಮಾರ್ಪಾಡು ಮಾಡಿ ಬ್ಯಾಕ್ಟೀರಿಯಾ ಪರಿಚಯ ಹೇಳ್ಕೊಳ್ಳುತ್ತೆ. ಅದನ್ನ ಹಿಡಿಯೋ ಗ್ರಾಹಕಗಳು ಲೋಟಸ್ ಜಪಾನಿಕಸ್ ಅನ್ನೋ ಪುಟ್ಟ ಗಿಡದಲ್ಲಿ 2003ರಲ್ಲಿ ಸಿಕ್ಕವು, ನೋಡಿದ್ರೆ ಕೈಟಿನ್ ಗ್ರಾಹಕದ ಕುಟುಂಬದವೇ. ಮಜಾ ಅಂದ್ರೆ 2020ರಲ್ಲಿ ಬಂದ ಒಂದು ಅಧ್ಯಯನ, ಕೈಟಿನ್ ಗ್ರಾಹಕದ ಹೊರಭಾಗದಲ್ಲಿ ಎರಡು ಚಿಕ್ಕ ಭಾಗ ತೆಗೆದು ಸೋದರ ಗ್ರಾಹಕದ್ದನ್ನ ಹಾಕಿದ್ರೆ ಸಾಕು, ಅದು ನಾಡ್ ಫ್ಯಾಕ್ಟರ್ ಗುರುತಿಸೋಕೆ ಶುರು ಮಾಡ್ತು, ಬೇರಲ್ಲಿ ಗಂಟೂ ಬಂತು. ಶತ್ರು ಮತ್ತು ಸ್ನೇಹಿತನ ನಡುವಿನ ವ್ಯತ್ಯಾಸ ಅಷ್ಟು ತೆಳು.

ಹಿಮೋಗ್ಲೋಬಿನ್ ಕಥೆ ಬೇಗ ಹೇಳಿಬಿಡ್ತೀನಿ. ಗಂಟನ್ನ ಕುಯ್ದರೆ ಒಳಗೆ ಕೆಂಪಾಗಿರುತ್ತೆ, ಅದು ಲೆಗ್‌ಹಿಮೋಗ್ಲೋಬಿನ್, ಸಾರಜನಕ ಹಿಡಿಯೋ ಕಿಣ್ವಕ್ಕೆ ಆಮ್ಲಜನಕ ತಾಗಿ ಹಾಳಾಗದಂತೆ ನೋಡ್ಕೊಳ್ಳುತ್ತೆ. ಹಿಮೋಗ್ಲೋಬಿನ್ ಜೀನ್ ಬೇರೆ ಗಿಡಗಳಲ್ಲೂ ಇದೆ, ಲೆಗ್ಯೂಮ್‌ಗಳು, ಅಂದ್ರೆ ಬಟಾಣಿ ಕುಟುಂಬದ ಗಿಡಗಳು, ಅದರಲ್ಲಿ ಎರಡನೇ ವರ್ಗದ್ದನ್ನ ತಿದ್ದಿ ಬಳಸ್ಕೊಂಡಿವೆ. ಪ್ಯಾರಾಸ್ಪೋನಿಯಾ ಅಂತ ಒಂದು ಮರ ಇದೆ, ಲೆಗ್ಯೂಮ್ ಅಲ್ಲ ಆದ್ರೂ ರೈಜೋಬಿಯಂ ಸಾಕುತ್ತೆ, ಅದು ತಿದ್ದಿರೋದು ಒಂದನೇ ವರ್ಗದ್ದನ್ನ. ಕೈಗೆ ಸಿಕ್ಕ ನಕಲನ್ನ ಬಳಸ್ಕೊಳ್ಳೋದೇ ವಿಕಾಸದ ರೀತಿ, ಅದಕ್ಕೆ ಮುಂದಾಲೋಚನೆ ಅನ್ನೋದೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಮೆಡಿಕಾಗೊ ಟ್ರಂಕಾಟುಲಾ ಅನ್ನೋ ಲೆಗ್ಯೂಮ್ ಗಿಡದ ಎನ್‌ಸಿಆರ್ ಅನ್ನೋ ಜೀನ್ ಕುಟುಂಬ. ಗಿಡಗಳಲ್ಲಿ ಡಿಫೆನ್ಸಿನ್ ಅಂತ ಪುಟ್ಟ ಪ್ರೋಟೀನ್‌ಗಳಿರ್ತವೆ, ಸೂಕ್ಷ್ಮಜೀವಿಗಳನ್ನ ಕೊಲ್ಲೋದು ಅವುಗಳ ಕೆಲಸ. ಎನ್‌ಸಿಆರ್ ಜೀನ್‌ಗಳಿಂದ ತಯಾರಾಗೋ ಪೆಪ್ಟೈಡ್‌ಗಳು, ಅಂದ್ರೆ ಚಿಕ್ಕ ಪ್ರೋಟೀನ್ ಸರಪಳಿಗಳು, ರಚನೆಯಲ್ಲಿ ಅವನ್ನೇ ಹೋಲ್ತವೆ, ಪ್ರಯೋಗಾಲಯದಲ್ಲಿ ಇವುಗಳಲ್ಲಿ ಕೆಲವನ್ನ ಬ್ಯಾಕ್ಟೀರಿಯಾ ಮೇಲೆ ಹಾಕಿದ್ರೆ ಕೊಂದೇಬಿಡ್ತವೆ, ಆದ್ರೆ ಇವು ಹೆಚ್ಚುಕಮ್ಮಿ ಬೇರುಗಂಟಲ್ಲಿ ಮಾತ್ರ ತಯಾರಾಗೋದು. ಮೆಡಿಕಾಗೊದಲ್ಲಿ ಇಂಥ ಜೀನ್‌ಗಳು 600ಕ್ಕೂ ಹೆಚ್ಚು ಇವೆ, ಸೋಯಾದಲ್ಲಿ ಒಂದೂ ಇಲ್ಲ. ಇಷ್ಟೊಂದು ಯಾಕೆ ಬೇಕು ಅಂದ್ರೆ, ಗಂಟಿನೊಳಗಿನ ಬ್ಯಾಕ್ಟೀರಿಯಾನ ಇವು ಪೂರ್ತಿ ಹತೋಟಿಗೆ ತಗೊಳ್ತವೆ, ಅದು ವಿಭಜನೆ ನಿಲ್ಲಿಸಿ ತನ್ನ ಡಿಎನ್ಎ ಮಾತ್ರ ಮತ್ತೆ ಮತ್ತೆ ನಕಲು ಮಾಡ್ಕೊಂಡು ಹಲವು ಪಟ್ಟು ಉದ್ದವಾಗಿ ಊದ್ಕೊಳ್ಳುತ್ತೆ, ಸಾರಜನಕ ಹಿಡಿಯೋದು ಬಿಟ್ಟು ಬೇರೆ ಬದುಕು ಇಲ್ಲ, ಮತ್ತೆ ಮಣ್ಣಿಗೆ ಹೋಗಿ ಸಂತಾನ ಬೆಳೆಸೋಕೂ ಆಗಲ್ಲ. ಸೋಯಾದ ಗಂಟಿಂದ ಬ್ಯಾಕ್ಟೀರಿಯಾ ವಾಪಸ್ ಹೋಗಬಹುದು, ಇಲ್ಲಿ ಆಗಲ್ಲ. ಇದನ್ನ ಸಹಜೀವನ ಅಂತ ಕರೆಯೋಕೆ ನನಗಂತೂ ಸ್ವಲ್ಪ ಮುಜುಗರ. ಏಸ್ಕಿನೊಮೀನಿ ಅನ್ನೋ ದೂರದ ಸಂಬಂಧಿ ಲೆಗ್ಯೂಮ್ ಕೂಡ ಇಂಥದ್ದೇ ಪೆಪ್ಟೈಡ್‌ಗಳನ್ನ ಬಳಸಿ ಇದೇ ಆಟ ಆಡುತ್ತೆ, ಅಂದ್ರೆ ಈ ಉಪಾಯ ಬೇರೆ ಬೇರೆಯಾಗಿ ಹುಟ್ಟಿರೋ ಹಾಗೆ ಕಾಣುತ್ತೆ.

600 ಇದ್ದಾಗ ಒಂದು ಹೋದ್ರೆ ಏನಾಯ್ತು ಅನ್ಸುತ್ತೆ ಅಲ್ವಾ, ಬಟಾಣಿ ಥರ ಸೋದರ ಜೀನ್ ಸಂಭಾಳಿಸುತ್ತೆ ಅಂತ. ಆದ್ರೆ 2015ರಲ್ಲಿ ಗೊತ್ತಾಗಿದ್ದು ಬೇರೇನೇ, ಎನ್‌ಸಿಆರ್169 ಅಥವಾ ಎನ್‌ಸಿಆರ್211 ಇವೆರಡರಲ್ಲಿ ಒಂದೇ ಒಂದು ಕೆಟ್ಟರೂ ಸಾರಜನಕದ ಕೆಲಸ ಸೋತು ಹೋಗುತ್ತೆ, ಉಳಿದ ನೂರಾರು ಜನ ಸುಮ್ನೆ ನೋಡ್ತಾ ಇರ್ತಾರೆ. ಕುಟುಂಬ ದೊಡ್ಡದಿದ್ದ ಮಾತ್ರಕ್ಕೆ ಸದಸ್ಯರೆಲ್ಲ ಒಂದೇ ಅಂತ ಲೆಕ್ಕ ಹಾಕೋದು ತಪ್ಪು, ಪ್ರತಿಯೊಂದೂ ಬದಲಾಗ್ತಾ ಎಲ್ಲೋ ದೂರ ಬಂದಿದೆ.

ಮತ್ತೆ ಆಯುಧದ ಮೊನೆ ಇನ್ನೂ ಮೊಂಡಾಗಿಲ್ಲ. ಮೆಡಿಕಾಗೊದ ಕೆಲವು ತಳಿಗಳಲ್ಲಿ ಒಂದು ಎನ್‌ಸಿಆರ್ ಜೀನಿನ ರೂಪ ಸ್ವಲ್ಪ ಬೇರೆ ಇರೋ ಕಾರಣಕ್ಕೇ ನಿರ್ದಿಷ್ಟ ರೈಜೋಬಿಯಂ ತಳಿ ಗಂಟಿನೊಳಗೇ ಸಾಯುತ್ತೆ, ಅದೇ ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದು ತಳಿಯ ಗಿಡದಲ್ಲಿ ಆರಾಮಾಗಿ ಕೆಲಸ ಮಾಡ್ಕೊಂಡಿರುತ್ತೆ. ಬ್ಯಾಕ್ಟೀರಿಯಾ ಕಡೆಯವರೂ ಕೈಕಟ್ಟಿ ಕೂತಿಲ್ಲ, ಕೆಲವು ತಳಿಗಳು ಈ ಪೆಪ್ಟೈಡ್‌ಗಳನ್ನ ಕತ್ತರಿಸಿ ಹಾಕೋ ಒಂದು ಕಿಣ್ವ ಇಟ್ಕೊಂಡಿವೆ, ಅದರ ಜೀನ್ ಇರೋದು ಪ್ಲಾಸ್ಮಿಡ್ ಅನ್ನೋ ಬಿಡಿ ಡಿಎನ್ಎ ಮೇಲೆ, ಅಂದ್ರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಬಲ್ಲದು, ಅದು ಸಿಕ್ಕವು ಗಿಡಕ್ಕೆ ಕಮ್ಮಿ ದುಡಿದು ತಮ್ಮ ಸಂತಾನ ಜಾಸ್ತಿ ಮಾಡ್ಕೊಳ್ತವೆ.