ಕರೆಂಟಿನ ನದಿಯ ದೊಡ್ಡ ಮೀನು

1992ರ ಮೇ 9. ಅಮೆರಿಕದ ಆರ್ಕನ್ಸಾ ರಾಜ್ಯದ ಲಿಟಲ್ ರೆಡ್ ನದಿಯಲ್ಲಿ ರಿಪ್ ಕಾಲಿನ್ಸ್ ಎಂಬುವರ ಗಾಳಕ್ಕೆ ಒಂದು ಬ್ರೌನ್ ಟ್ರೌಟ್ ಬಿತ್ತು. ತೂಕ 18 ಕಿಲೋಗಿಂತ ಜಾಸ್ತಿ. ದಾರವೋ, 2 ಕಿಲೋ ಎಳೆತಕ್ಕೇ ಹರಿಯುವಂಥದ್ದು! 2009ರವರೆಗೂ ಈ ಜಾತಿಯಲ್ಲಿ ಅದೇ ವಿಶ್ವದಾಖಲೆಯಾಗಿ ಉಳಿಯಿತು.

ನನಗೆ ಬೆರಗು ತೂಕದ್ದಲ್ಲ, ಜಾಗದ್ದು. ಬ್ರೌನ್ ಟ್ರೌಟ್ ಮೂಲತಃ ಯುರೋಪಿನ ಕಡೆಯ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ, 25ರ ಆಚೆ ಬದುಕುವುದೇ ಕಷ್ಟ. ಆರ್ಕನ್ಸಾದಲ್ಲೋ ಬೇಸಿಗೆ ಬಂತೆಂದರೆ ಸೆಕೆ. ಮೊದಲು ಈ ನದಿಯಲ್ಲಿ ಇದ್ದದ್ದು ಬ್ಯಾಸ್‌ನಂಥ ಬೆಚ್ಚನೆ ನೀರಿನ ಮೀನುಗಳು.

ಎಲ್ಲ ಬದಲಾದದ್ದು ಗ್ರೀರ್ಸ್ ಫೆರಿ ಡ್ಯಾಮ್ ಬಂದ ಮೇಲೆ. 1963ರಲ್ಲಿ ಅಧ್ಯಕ್ಷ ಕೆನಡಿ ಅದನ್ನು ಉದ್ಘಾಟಿಸಿದರು. ಬೇಸಿಗೆಯಲ್ಲಿ ಬಾವಿಗೆ ಹಾರಿದವರಿಗೆ ಗೊತ್ತು: ಎದೆಮಟ್ಟದ ನೀರು ಬೆಚ್ಚಗಿದ್ದರೂ ಕಾಲ ಬುಡದಲ್ಲಿ ಕೊರೆಯುವ ಚಳಿ. ತಣ್ಣೀರು ಭಾರ, ಅದಕ್ಕೇ ತಳ ಸೇರುತ್ತದೆ. ಜಲಾಶಯದಲ್ಲೂ ಇದೇ ಕಥೆ. ಚಳಿಗಾಲದಲ್ಲಿ ತಣ್ಣಗಾದ ನೀರು ಬೇಸಿಗೆಯಿಡೀ ತಳದಲ್ಲೇ ಕೂತಿರುತ್ತದೆ. ಕರೆಂಟ್ ತಯಾರಿಸುವ ಟರ್ಬೈನಿಗೆ ಹೋಗುವುದು ಆ ಆಳದ ನೀರೇ. ಹಾಗಾಗಿ ಜುಲೈ ತಿಂಗಳಲ್ಲೂ ಡ್ಯಾಮಿನ ಕೆಳಗಿನ ನದಿ ಫ್ರಿಜ್ಜಿನಿಂದ ತೆಗೆದ ಹಾಗಿರುತ್ತದೆ. ಇಂಥ ನದಿಯ ಪಾತ್ರಕ್ಕೆ ಅಲ್ಲಿನವರು ಟೇಲ್‌ವಾಟರ್ ಎನ್ನುತ್ತಾರೆ. ಬ್ಯಾಸ್‌ಗಳಿಗೆ ಈ ಚಳಿ ಒಗ್ಗಲಿಲ್ಲ. ಅವುಗಳ ಬದಲು ಸರ್ಕಾರ ಟ್ರೌಟ್ ಮರಿಗಳನ್ನು ತಂದು ಬಿಟ್ಟಿತು. ನಷ್ಟಕ್ಕೆ ಪರಿಹಾರ ಅಂತ ಹೊರಗಿನ ಮೀನು! ಇದನ್ನು ನೆನೆದಾಗಲೆಲ್ಲ ನನಗೆ ಸ್ವಲ್ಪ ಕಸಿವಿಸಿ.

ಟ್ರೌಟ್‌ಗಂತೂ ಇದು ಮಾವನ ಮನೆ. ಮೀನಿನದು ತಣ್ಣನೆ ರಕ್ತ. ನೀರು ತೀರಾ ತಣ್ಣಗಾದರೆ ತಿಂದದ್ದು ಅರಗುವುದಿಲ್ಲ. ತೀರಾ ಬಿಸಿಯಾದರೆ ತಿಂದದ್ದೆಲ್ಲ ಉಸಿರಾಡುವುದಕ್ಕೇ ಖರ್ಚು. ಬ್ರೌನ್ ಟ್ರೌಟ್ ಚೆನ್ನಾಗಿ ಬೆಳೆಯುವುದು 13 ಡಿಗ್ರಿಯ ಆಸುಪಾಸಿನಲ್ಲಿ. ಬೆಟ್ಟದ ಹೊಳೆಗಳಲ್ಲಿ ಆ ಹದ ವರ್ಷಕ್ಕೆ ಕೆಲವೇ ತಿಂಗಳು. ಇಲ್ಲಿ ಹೆಚ್ಚುಕಡಿಮೆ ವರ್ಷವಿಡೀ. ಊಟಕ್ಕೂ ಕೊರತೆಯಿಲ್ಲ. ತಳದ ಪಾಚಿಯಲ್ಲಿ ಸೌಬಗ್, ಸ್ಕಡ್ ಎನ್ನುವ ಪುಟಾಣಿಗಳು ತುಂಬಿರುತ್ತವೆ. ಗಾತ್ರ ಕಡಲೆಬೇಳೆಯಷ್ಟು, ಸಂಬಂಧದಲ್ಲಿ ಸಿಗಡಿಯ ದೂರದ ನೆಂಟರು. ದೊಡ್ಡದಾದ ಬ್ರೌನ್ ಟ್ರೌಟ್ ಇಷ್ಟಕ್ಕೇ ತೃಪ್ತಿಪಡದೆ ಬೇರೆ ಮೀನುಗಳನ್ನೇ ನುಂಗತೊಡಗುತ್ತದೆ.

ಆದರೆ ಫ್ರಿಜ್ಜಿಗೂ ಒಂದು ದೋಷವಿದೆ. ತಿಂಗಳುಗಟ್ಟಲೆ ಗಾಳಿಯ ಸಂಪರ್ಕವಿಲ್ಲದೆ ಕೂತ ತಳದ ನೀರಿನಲ್ಲಿ ಕೊಳೆಯುವ ವಸ್ತುಗಳು ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಬೇಸಿಗೆ ಮುಗಿಯುವ ಹೊತ್ತಿಗೆ ತಣ್ಣಗಿದ್ದೂ ಉಸಿರುಕಟ್ಟಿಸುವ ನೀರು ಹೊರಬರುತ್ತದೆ. ಅದಕ್ಕೇ ಕೆಲವು ಡ್ಯಾಮುಗಳಲ್ಲಿ ಟರ್ಬೈನಿನ ಒಳಗೇ ಗಾಳಿ ಸೇರಿಸುತ್ತಾರೆ. ಇನ್ನೊಂದು ತೊಂದರೆ ಟ್ರೌಟ್‌ಗೆ ಊಟವಾಗುವ ನೀರಿನ ಹುಳುಗಳದು. ಎಷ್ಟೋ ಜಾತಿಗಳು ಮೊಟ್ಟೆ ಇಡುವುದು ನೀರಿನ ಅಂಚಿನಲ್ಲಿ. ಕರೆಂಟಿನ ಬೇಡಿಕೆ ತಗ್ಗಿ ನೀರು ಇಳಿದರೆ ಮೊಟ್ಟೆ ಒಣಗಿಹೋಗುತ್ತದೆ. ಕೊಲೊರಾಡೊ ನದಿಯ ಗ್ಲೆನ್ ಕ್ಯಾನಿಯನ್ ಡ್ಯಾಮಿನಲ್ಲಿ 2018ರಿಂದ ಒಂದು ಪ್ರಯೋಗ ನಡೆಸಿದರು. ಬೇಸಿಗೆಯ ಶನಿವಾರ, ಭಾನುವಾರ ನೀರನ್ನು ತಗ್ಗಿಸಿ ಒಂದೇ ಮಟ್ಟದಲ್ಲಿಟ್ಟರು. ಆ ತಗ್ಗಿನ ಅಂಚಿನಲ್ಲಿ ಇಟ್ಟ ಮೊಟ್ಟೆ ಆಮೇಲೆ ನೀರು ಏರಿಳಿದರೂ ಒಣಗದೆ ನೀರಡಿಯಲ್ಲೇ ಉಳಿಯಲಿ ಅಂತ. ಅಂತೂ ಹುಳುಗಳಿಗೂ ವಾರದ ರಜೆ!

ಇಂಥ ಕಡೆ ಫ್ಲೈ ಫಿಶಿಂಗ್ ಮಾಡುವವರ ಪಾಡು ನೋಡಿ. ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ ಎನ್ನಬಹುದು, ಸುಮ್ನೆ ಎಸೆದರೆ ಮುಂದೆ ಹೋಗುವುದಿಲ್ಲ. ತೂಕವೆಲ್ಲ ದಪ್ಪ ದಾರದ್ದು. ಚಾವಟಿಯಂತೆ ದಾರ ಬೀಸಿದರೆ ಗಾಳ ಅದರ ಹಿಂದೆ ಹೋಗುತ್ತದೆ. ಬಿದ್ದ ಮೇಲೆ ಅದು ನೀರಿನ ವೇಗಕ್ಕೇ ತೇಲಬೇಕು. ದಾರ ಒಂಚೂರು ಎಳೆದರೂ ಟ್ರೌಟ್‌ಗೆ ಅನುಮಾನ.

ಇಷ್ಟೆಲ್ಲ ಕಲಿತವರೂ ಹೊರಡುವ ಮುಂಚೆ ನೋಡುವುದು ಕರೆಂಟ್ ಉತ್ಪಾದನೆಯ ವೇಳಾಪಟ್ಟಿಯನ್ನು. ಮಧ್ಯಾಹ್ನ ಊರಿನ ಎಸಿಗಳೆಲ್ಲ ಚಾಲೂ ಆದರೆ ಟರ್ಬೈನ್ ತಿರುಗುತ್ತದೆ, ನದಿ ಏರುತ್ತದೆ. ಮೊಣಕಾಲು ನೀರಿನಲ್ಲಿ ನಿಂತವರು ಒಂದು ಕಲ್ಲನ್ನು ಗುರುತಿಟ್ಟುಕೊಂಡಿರುತ್ತಾರೆ. ಕಲ್ಲು ಮುಳುಗತೊಡಗಿತೋ, ತಕ್ಷಣ ದಡ ಹತ್ತಬೇಕು. ಏರುವ ನೀರು ಪಾಚಿಯನ್ನು ಕಿತ್ತು ಸೌಬಗ್‌ಗಳನ್ನು ತೇಲಿಸಿಕೊಂಡು ಬರುವುದೂ ಆಗಲೇ. ಬಂಡೆಯ ಮರೆಯಲ್ಲಿ ಅಡಗಿದ್ದ ದೊಡ್ಡ ಟ್ರೌಟ್ ಊಟಕ್ಕೆ ಹೊರಡುವುದೂ ಆಗಲೇ.