ಒಂದೇ ಲೆಕ್ಕಕ್ಕೆ ಎರಡು ಉತ್ತರ: ಕಂಪ್ಯೂಟರಿನ ಕ್ಯಾಲ್ಕುಲೇಟರ್ ಪಾಲಿಸುವ ನಿಯಮಗಳು

ವಿಂಡೋಸ್‌ನ ಕ್ಯಾಲ್ಕುಲೇಟರ್ ‘ಸ್ಟ್ಯಾಂಡರ್ಡ್’ ವಿಧಾನದಲ್ಲಿದ್ದಾಗ 1 + 2 × 3 ಎಂದು ಒತ್ತಿದರೆ 9 ಬರುತ್ತದೆ. ಎಡಮೂಲೆಯ ಮೂರು ಗೆರೆಗಳನ್ನು ಒತ್ತಿ ‘ಸೈಂಟಿಫಿಕ್’ ಆರಿಸಿಕೊಂಡು ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ 7 ಬರುತ್ತದೆ. ಶಾಲೆಯಲ್ಲಿ ಬೋಡ್‌ಮಾಸ್ ನಿಯಮ ಕಲಿತವರಿಗೆ ಮೊದಲ ಉತ್ತರ ಶುದ್ಧ ತಪ್ಪೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಸ್ಟ್ಯಾಂಡರ್ಡ್ ವಿಧಾನವು ಅನುಕರಿಸುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಸಾದಾ ಯಂತ್ರವನ್ನು. ಅದು ಹೊಸ ಚಿಹ್ನೆ ಒತ್ತಿದ ಕ್ಷಣವೇ ಹಿಂದಿನ ಲೆಕ್ಕವನ್ನು ಮುಗಿಸಿಬಿಡುತ್ತದೆ. ಗುಣಾಕಾರದ ಚಿಹ್ನೆ ಕಂಡೊಡನೆ 1 + 2 ಎಂಬುದು 3 ಆಗಿಹೋಗಿರುತ್ತದೆ. ಸೈಂಟಿಫಿಕ್ ವಿಧಾನವಾದರೋ ಸಂಕಲನವನ್ನು ತಡೆಹಿಡಿದು, ಮುಂದೆ ಗುಣಾಕಾರವೋ ಭಾಗಾಕಾರವೋ ಬಂದರೆ ಅದಕ್ಕೆ ಮೊದಲು ದಾರಿ ಬಿಡುತ್ತದೆ. ಬಿಲ್ಲಿನ ಸಾಲುಗಳನ್ನು ಒಂದರ ಹಿಂದೊಂದು ಕೂಡಿಸುವವರಿಗೆ ಮೊದಲನೆಯದು ಒಗ್ಗುತ್ತದೆ. ಸೂತ್ರವನ್ನು ನೋಡಿ ಒತ್ತುವವರಿಗೆ ಎರಡನೆಯದೇ ಬೇಕು.

ಶೇಕಡಾ ಕೀಲಿಯ ನಡವಳಿಕೆಯನ್ನೂ ಗಮನಿಸಬೇಕು. ಸ್ಟ್ಯಾಂಡರ್ಡ್ ವಿಧಾನದಲ್ಲಿ 200 + 10 % ಎಂದು ಒತ್ತಿದರೆ 10 ಎಂಬುದು 200ರ ಶೇಕಡಾ ಹತ್ತು, ಅಂದರೆ 20 ಆಗಿ, ಮೊತ್ತ 220 ಬರುತ್ತದೆ. ಬೆಲೆಗೆ ಜಿಎಸ್‌ಟಿ ಸೇರಿಸಲು ಇದು ಬಹಳ ಅನುಕೂಲ. ಆದರೆ ಜಿಎಸ್‌ಟಿ ಸೇರಿರುವ ಬೆಲೆಯಿಂದ ಮೂಲಬೆಲೆ ತೆಗೆಯಲು ಇದೇ ಕೀಲಿಯನ್ನು ಹಿಮ್ಮುಖವಾಗಿ ಬಳಸುವಂತಿಲ್ಲ. 1180 − 18 % ಎಂದರೆ 967.6 ಬರುತ್ತದೆ, ಏಕೆಂದರೆ ಶೇಕಡಾ 18ನ್ನು ಅದು 1180ರ ಮೇಲೆಯೇ ಹಾಕುತ್ತದೆ. ಸರಿಯಾದ ಮೂಲಬೆಲೆ 1180 ÷ 1.18, ಅಂದರೆ 1000.

ಕೋನದ ಅಳತೆಯಲ್ಲಿ ಆಗುವ ತಪ್ಪು ಇದಕ್ಕಿಂತ ಅಪಾಯಕಾರಿ. ಅದು ಕಣ್ಣಿಗೆ ಬೀಳದೆ ಹೋಗಬಹುದೆಂಬುದೇ ಕಾರಣ. ತೆಂಗಿನ ಮರದ ಬುಡದಿಂದ 10 ಮೀಟರ್ ದೂರದಲ್ಲಿ ನಿಂತವರಿಗೆ ಮರದ ತುದಿ 45 ಡಿಗ್ರಿ ಕೋನದಲ್ಲಿ ಕಂಡರೆ, ಕಣ್ಣಿನ ಎತ್ತರವನ್ನು ಬಿಟ್ಟು ಮರದ ಎತ್ತರ 10 × ಟ್ಯಾನ್ 45, ಅಂದರೆ ಸರಿಯಾಗಿ 10 ಮೀಟರ್. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಅದೇ ಲೆಕ್ಕ 16.2 ಮೀಟರ್ ಕೊಡುತ್ತದೆ. ಲಂಬಕೋನವನ್ನು ನೂರು ಭಾಗ ಮಾಡುವ ಗ್ರೇಡಿಯನ್‌ನಲ್ಲಿದ್ದರೆ 8.54 ಮೀಟರ್. ತೆಂಗಿನ ಮರಕ್ಕೆ ಈ ಮೂರು ಎತ್ತರಗಳೂ ಹೊಂದುತ್ತವೆಯಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೋನ 30 ಡಿಗ್ರಿ ಇದ್ದಿದ್ದರೆ ರೇಡಿಯನ್ ಉತ್ತರ ಋಣ 64 ಮೀಟರ್ ಬಂದು ತಪ್ಪು ತಾನಾಗಿಯೇ ಬಯಲಾಗುತ್ತಿತ್ತು. ವಿಂಡೋಸ್‌ನ ಸೈಂಟಿಫಿಕ್ ವಿಧಾನದಲ್ಲಿ ಪರದೆಯ ಮೇಲಿರುವ ‘ಡೆಗ್’ ಗುಂಡಿಯನ್ನು ಒತ್ತುತ್ತಾ ಹೋದರೆ ಈ ಮೂರೂ ಅಳತೆಗಳು ಸರದಿಯಂತೆ ಬರುತ್ತವೆ. ಲಿನಕ್ಸ್‌ನ ಗ್ನೋಮ್ ಕ್ಯಾಲ್ಕುಲೇಟರಿನಲ್ಲಿ ಇದೇ ಆಯ್ಕೆ ಆದ್ಯತೆಗಳ ಕಿಟಕಿಯಲ್ಲಿದೆ. ಸೈನ್ 30 ಕೇಳಿ 0.5 ಬಂತೇ ಎಂದು ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಬೇಗ.

ಇನ್ನು ನಿಖರತೆಯ ಮಾತು. ದಶಮಾನ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು ಬರೆದು ಮುಗಿಸಲಾಗದಂತೆ, ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗವನ್ನು ಬರೆದು ಮುಗಿಸಲಾಗುವುದಿಲ್ಲ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 + 0.2 ಎಂಬುದಕ್ಕೆ 0.30000000000000004 ಎಂಬ ಉತ್ತರ ಬರುವುದು ಈ ಕಾರಣದಿಂದ. ಕ್ಯಾಲ್ಕುಲೇಟರ್ ಹೀಗೆ ಉತ್ತರಿಸಿದರೆ ಜನ ಒಪ್ಪುವುದಿಲ್ಲ, 2.01ರಿಂದ 2 ಕಳೆದರೆ 0.00 ತೋರಿಸುತ್ತಿದ್ದ ವಿಂಡೋಸ್ 3.1ರ ಕ್ಯಾಲ್ಕುಲೇಟರ್ ಸಾಕಷ್ಟು ನಗೆಪಾಟಲಿಗೀಡಾಗಿತ್ತು. ಈಗಿನ ವಿಂಡೋಸ್ ಕ್ಯಾಲ್ಕುಲೇಟರ್ ಸಂಖ್ಯೆಗಳನ್ನು ಅಂಶ ಮತ್ತು ಛೇದಗಳ ಜೋಡಿಯಾಗಿ ಇಟ್ಟುಕೊಳ್ಳುತ್ತದೆ. ಮೈಕ್ರೋಸಾಫ್ಟ್ 2019ರ ಮಾರ್ಚ್‌ನಲ್ಲಿ ಅದರ ಆಕರ ಸಂಕೇತವನ್ನು ಸಾರ್ವಜನಿಕಗೊಳಿಸಿದ್ದರಿಂದ, ಓದಬಲ್ಲವರು ಅದನ್ನು ತೆರೆದು ನೋಡಬಹುದು. 1ನ್ನು 3ರಿಂದ ಭಾಗಿಸಿ ಮತ್ತೆ 3ರಿಂದ ಗುಣಿಸಿದರೆ ಅಲ್ಲಿ ಒಂದಿಷ್ಟೂ ಸೋರಿಕೆಯಿಲ್ಲದೆ 1 ಸಿಗುತ್ತದೆ. ವರ್ಗಮೂಲಕ್ಕೆ ಬಂದಾಗ ಈ ಉಪಾಯ ನಡೆಯುವುದಿಲ್ಲ, ಅಂದಾಜನ್ನೇ ನೆಚ್ಚಬೇಕಾಗುತ್ತದೆ. 4ರ ವರ್ಗಮೂಲದಿಂದ 2ನ್ನು ಕಳೆದರೆ ಸೊನ್ನೆಯ ಬದಲು ಅತಿ ಸಣ್ಣದೊಂದು ಋಣಸಂಖ್ಯೆಯನ್ನು ತೋರಿಸುವ ದೋಷ ಅದರಲ್ಲಿ ಬಹಳ ಕಾಲ ಉಳಿದುಕೊಂಡಿತ್ತು.

ನಿಖರತೆಯನ್ನು ಪೂರ್ತಿ ಬಳಸುವವರ ಕೈಗೇ ಬಿಟ್ಟಿರುವ ಪ್ರೋಗ್ರಾಮೊಂದಿದೆ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಲೊರಿಂಡಾ ಚೆರಿ ರೂಪಿಸಿದ, 1975ರ ಯುನಿಕ್ಸ್ ಆವೃತ್ತಿಯ ಜೊತೆ ಬಂದ ‘ಬಿ.ಸಿ.’ ಅದು, ಲಿನಕ್ಸ್‌ನಲ್ಲಿ ಆದೇಶಗಳನ್ನು ಬೆರಳಚ್ಚಿಸುವ ಟರ್ಮಿನಲ್ ಕಿಟಕಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೊದಲ ಸಲ ಬಳಸಿದವರು ಬೆಚ್ಚುವುದು ಸಹಜ: 7 / 2 ಎಂದರೆ 3 ಎನ್ನುತ್ತದೆ, 1 / 3 ಎಂದರೆ 0 ಎನ್ನುತ್ತದೆ. ದಶಮಾಂಶದ ನಂತರ ಎಷ್ಟು ಅಂಕಿ ಬೇಕೆಂಬುದನ್ನು ‘ಸ್ಕೇಲ್’ ಎಂಬ ಚರಾಕ್ಷರದಲ್ಲಿ ನಾವೇ ಹೇಳಬೇಕು. ಹೇಳದಿದ್ದರೆ ಅದು ಸೊನ್ನೆ. ಗಣಿತದ ಫಲನಗಳೊಂದಿಗೆ ತೆರೆದರೆ ಸ್ಕೇಲ್ 20 ಆಗುತ್ತದೆ. ಆಗ 1ರ ಆರ್ಕ್‌ಟ್ಯಾನ್ ಅನ್ನು (ಟ್ಯಾನ್ ಬೆಲೆ 1 ಆಗುವ ಕೋನವನ್ನು, ರೇಡಿಯನ್‌ನಲ್ಲಿ) 4ರಿಂದ ಗುಣಿಸಿ ಪೈ ಪಡೆಯಲು ಹೊರಟರೆ 3.14159265358979323844 ಸಿಗುತ್ತದೆ. ನಿಜವಾದ ಬೆಲೆಯಲ್ಲಿ ಕೊನೆಯ ಎರಡು ಅಂಕಿಗಳು 46. ಬಿ.ಸಿ. ಮಿಕ್ಕ ಅಂಕಿಗಳನ್ನು ಹತ್ತಿರದ ಬೆಲೆಗೆ ಹೊಂದಿಸದೆ ಕತ್ತರಿಸಿಬಿಡುತ್ತದೆ, ಆ ಕತ್ತರಿಸಿದ ಚೂರು ನಾಲ್ಕು ಪಟ್ಟಾಗಿ ಕೊನೆಯ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ. ಬೇಕಾದುದಕ್ಕಿಂತ ನಾಲ್ಕೈದು ಅಂಕಿ ಹೆಚ್ಚಿಗೆ ಕೇಳಿ ಕೊನೆಯವನ್ನು ಬಿಟ್ಟುಬಿಡುವುದು ಇದಕ್ಕಿರುವ ರೂಢಿಯ ಪರಿಹಾರ. ಇಲ್ಲಿ ಶೇಕಡಾ ಚಿಹ್ನೆಗೆ ಶೇಷವೆಂಬ ಅರ್ಥವಿರುವುದರಿಂದ, ಸ್ಕೇಲ್ ಸೊನ್ನೆಯಿದ್ದಾಗ 10 % 3 ಎಂದರೆ 1; ಸ್ಕೇಲ್ 20 ಇದ್ದಾಗ ಅದೇ ಪ್ರಶ್ನೆಗೆ ಬಿಂದುವಿನ ಮುಂದೆ ಹತ್ತೊಂಬತ್ತು ಸೊನ್ನೆ ಮತ್ತು ಒಂದು 1. ಭಾಗಲಬ್ಧವೂ 20 ಅಂಕಿಯವರೆಗೆ ಹೋಗಿರುವುದರಿಂದ ಉಳಿಯುವ ಶೇಷ ಅಷ್ಟೇ. ಋಣಚಿಹ್ನೆಯ ವಿಷಯದಲ್ಲೂ ಅದರದ್ದೇ ದಾರಿ: −2^2 (^ ಎಂಬುದು ಘಾತದ ಚಿಹ್ನೆ) ಎಂಬುದಕ್ಕೆ ಪಠ್ಯಪುಸ್ತಕ −4 ಎಂದರೆ ಅದು 4 ಎನ್ನುತ್ತದೆ.

ವಿಂಡೋಸ್ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ವಿಧಾನ ಎಲ್ಲರಿಗೂ ಬೇಕಾಗುವುದಿಲ್ಲ. ಆದರೂ ಗೊತ್ತಿಲ್ಲದೆ ಅಲ್ಲಿ ಹೋಗಿ ಸಿಕ್ಕಿಕೊಂಡವರಿಗೆ 7ನ್ನು 2ರಿಂದ ಭಾಗಿಸಿದರೆ 3 ಬರುತ್ತದೆ, ಏಕೆಂದರೆ ಅಲ್ಲಿ ಇರುವುದು ಪೂರ್ಣಾಂಕಗಳು ಮಾತ್ರ. ‘ಬೈಟ್’ ಆರಿಸಿ 100 + 100 ಮಾಡಿದರೆ −56 ಸಿಗುತ್ತದೆ. ಬೈಟ್‌ನ ಎಂಟು ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಹಿಡಿಯುವ ಸ್ಥಾನಗಳಲ್ಲಿ, ಮೊದಲನೆಯದನ್ನು ಚಿಹ್ನೆಗೆ ಮೀಸಲಿಟ್ಟರೆ 127ಕ್ಕಿಂತ ದೊಡ್ಡ ಸಂಖ್ಯೆಗೆ ಜಾಗವಿಲ್ಲದೆ, 200 ಎಂಬುದು 256 ಕಳೆದು ಉಳಿದ ಬೆಲೆಯಾಗಿ ಕಾಣುತ್ತದೆ.

ಲಕ್ಷ, ಕೋಟಿಗಳಲ್ಲಿ ಲೆಕ್ಕವಿಡುವ ನಮಗೆ 1,234,567 ಎಂಬ ಅಲ್ಪವಿರಾಮಗಳು ಕಣ್ಣಿಗೆ ಒಗ್ಗುವುದಿಲ್ಲ. ವಿಂಡೋಸ್‌ನಲ್ಲಿ ಇದನ್ನು ಬದಲಿಸಲು ಕ್ಯಾಲ್ಕುಲೇಟರಿನೊಳಗೆ ಹುಡುಕಿದರೆ ಏನೂ ಸಿಗದು. ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ ವಿಭಾಗದಲ್ಲಿ ಹೆಚ್ಚುವರಿ ಸೆಟ್ಟಿಂಗ್‌ಗಳನ್ನು ತೆರೆದು, ಅಂಕಿಗಳ ಗುಂಪುಗಾರಿಕೆಗೆ 12,34,56,789 ಎಂಬ ಮಾದರಿಯನ್ನು ಆರಿಸಬೇಕು. ಭಾರತದ ಕನ್ನಡ ಅಥವಾ ಇಂಗ್ಲಿಷ್ ಪ್ರಾದೇಶಿಕ ನಮೂನೆಯನ್ನು ಆರಿಸಿಕೊಂಡವರಿಗೆ ಅದು ತಾನಾಗಿಯೇ ಬಂದಿರುತ್ತದೆ. ಕ್ಯಾಲ್ಕುಲೇಟರನ್ನು ಮುಚ್ಚಿ ಮತ್ತೆ ತೆರೆದಾಗ 12,34,567 ಎಂದು ಕಾಣುತ್ತದೆ. ದಶಮಾಂಶ ಬಿಂದು ಯಾವುದೆಂಬುದನ್ನು ತೀರ್ಮಾನಿಸುವುದೂ ಇದೇ ವಿಭಾಗ. ಹೊರದೇಶದ ಕೆಲಸದಲ್ಲಿರುವ ಕನ್ನಡಿಗರು ಇದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಜರ್ಮನಿಯ ನಮೂನೆಯಲ್ಲಿ ಅಲ್ಪವಿರಾಮವೇ ದಶಮಾಂಶದ ಗುರುತಾಗಿರುವುದರಿಂದ, 2,500 ಎಂದು ಒತ್ತಿದ್ದು ಆ ಕಂಪ್ಯೂಟರಿಗೆ ಎರಡೂವರೆ.