ರಜೆ ಅರ್ಜಿಯೂ ಮೇಲಕ್ಕೇ ಹೋಗುತ್ತದೆ

ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದವರು ಸಣ್ಣ ಪಟ್ಟಣವೊಂದರ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು. ಕೆಲಸ ಎಷ್ಟಿದೆ ಎಂದು ನಾನು ಕೇಳಲಿಲ್ಲ. ಯಾರನ್ನೂ ಕೇಳದೆ ನೀವೇ ತೀರ್ಮಾನಿಸುವ ವಿಷಯಗಳು ಯಾವುವು ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಸಿಬ್ಬಂದಿಯ ರಜೆ ಅರ್ಜಿ" ಎಂದರು. ಮರುಕ್ಷಣವೇ, "ಇಲ್ಲ ಮೇಡಂ, ಈಗ ಅದೂ ಮೇಲಕ್ಕೇ ಹೋಗುತ್ತದೆ" ಎಂದು ತಿದ್ದಿಕೊಂಡರು.

ಸಾಲ ಮಂಜೂರಾಗುವುದು ಬೇರೆ ಊರಿನ ಕೇಂದ್ರದಲ್ಲಿ. ಅದು ಮರಳಿ ಬಾರದೆ ಹೋದಾಗ ವಿವರಣೆ ಕೇಳುವ ಪತ್ರ ಮಾತ್ರ ಇವರ ಹೆಸರಿಗೆ. ಮಧ್ಯಾಹ್ನ ಪ್ರಾದೇಶಿಕ ಕಚೇರಿಯಿಂದ ಫೋನು: ವಿಮಾ ಪಾಲಿಸಿ ಇವತ್ತು ಎಷ್ಟಾಯಿತು? ಸಂಜೆ ಲೆಕ್ಕಪರಿಶೋಧನೆಯವರದು: ಗ್ರಾಹಕರ ದಾಖಲೆಗಳೇಕೆ ಬಾಕಿ? ಶಾಖೆಯಲ್ಲಿರುವುದು ನಾಲ್ಕು ಜನ. ಪಾಲಿಸಿ ಮಾರಲು ಹೊರಟರೆ ದಾಖಲೆ ಉಳಿಯುತ್ತದೆ, ದಾಖಲೆಗೆ ಕೂತರೆ ಪಾಲಿಸಿ ಉಳಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಇದಕ್ಕೆ ನಾವು ಪಾತ್ರ ಸಂಘರ್ಷ ಎನ್ನುತ್ತೇವೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕಾನ್ ಮತ್ತು ಸಂಗಡಿಗರು 1964ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ.

ದುಡಿಮೆಯ ಗಂಟೆಗಳು ಲೆಕ್ಕಕ್ಕಿಲ್ಲವೆಂದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಆದರೆ ನನ್ನೆದುರು ಕೂರುವವರನ್ನು ಹೆಚ್ಚು ಹಿಂಡಿರುವುದು ಕೈಯಲ್ಲಿ ಅಧಿಕಾರವಿಲ್ಲದೆ ತಲೆಗೆ ಕಟ್ಟಿದ ಹೊಣೆ. ಕೆಲಸದ ಬೇಡಿಕೆ ಹೆಚ್ಚಿದ್ದು, ಅದರ ಮೇಲಿನ ಹಿಡಿತ ಕಡಿಮೆಯಿದ್ದರೆ ಮನಸ್ಸು ಬೇಗ ಬಳಲುತ್ತದೆ ಎಂಬ ವಾದವನ್ನು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟರು. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನದಲ್ಲೂ, ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂತು. ಎಲ್ಲ ಒತ್ತಡವೂ ಮೇಲಿನ ಕುರ್ಚಿಯವರಿಗೇ ಎಂದು ನಂಬುವವರು ಇದನ್ನು ಓದಬೇಕು.

ಸಂಸ್ಥೆಗಳು ಇದಕ್ಕೆ ಕೊಡುವ ಮದ್ದು ಸಾಮಾನ್ಯವಾಗಿ ಪ್ರಾಣಾಯಾಮ ಶಿಬಿರ. ಉಪನ್ಯಾಸಕ್ಕೆ ನಾನೂ ಹೋಗಿದ್ದೇನೆ, ಗೌರವಧನವನ್ನೂ ಪಡೆದಿದ್ದೇನೆ. ಅಂಥದೊಂದು ಶಿಬಿರವನ್ನು ಬ್ಯಾಂಕಿನವರಿಗೆ ರಜೆಯಿರುವ ಎರಡನೇ ಶನಿವಾರವೇ ಇಟ್ಟಿದ್ದರು, ಹಾಜರಾತಿ ಕಡ್ಡಾಯ. ಉಸಿರಾಟದಿಂದ ಎದೆಬಡಿತ ತಗ್ಗುತ್ತದೆ, ನಿಜ. ಸೋಮವಾರದ ಫೋನು ತಗ್ಗುವುದಿಲ್ಲ.

ಈ ವ್ಯವಸ್ಥಾಪಕರಿಗೆ ನಾನು ಹೇಳಿದ್ದು ಸಣ್ಣದು. ಒಂದಕ್ಕೊಂದು ಡಿಕ್ಕಿಯಾಗುವ ಆ ಎರಡು ಸೂಚನೆಗಳನ್ನು ಒಂದೇ ಇಮೇಲಿನಲ್ಲಿ ಬರೆದು, ಎರಡೂ ಕಡೆಗೆ ಕಳುಹಿಸಿ, ಇರುವ ನಾಲ್ಕು ಜನರಲ್ಲಿ ಮೊದಲು ಯಾವುದನ್ನು ಮಾಡಲಿ ಎಂದು ಕೇಳಿ ಎಂದೆ. ಎರಡು ವಾರ ಹಿಂಜರಿದು ಕಳುಹಿಸಿದರು. ಇಬ್ಬರಿಂದಲೂ ಬಂದ ಉತ್ತರ ಒಂದೇ: "ಎರಡೂ ತುರ್ತು." ಅದನ್ನು ಮುದ್ರಿಸಿ ಕಡತಕ್ಕೆ ಸೇರಿಸಿಟ್ಟುಕೊಂಡಿದ್ದಾರೆ. ಆ ರಾತ್ರಿ ಸ್ವಲ್ಪ ನಿದ್ದೆ ಬಂತಂತೆ.